ಹೆಸರಿನ ಬಾಲ

ಮದುವೆಯ ಕಾಗದ ಕೈಗೆ ಬಂದರೆ ಬಂಟ್ವಾಳದ ಶೀನಪ್ಪ ಮಾಸ್ತರರು ವಧೂವರರ ಹೆಸರನ್ನು ಓದುತ್ತಿರಲಿಲ್ಲ; ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಯಾರ ಹೆಸರಿಗೆ ಎಷ್ಟು ಉದ್ದದ ಬಾಲವಿದೆಯೆಂದು ಮೊದಲು ಅಳೆಯುತ್ತಿದ್ದರು. ಬಿ.ಎ. ಕಂಡರೆ ಮುಖ ಸಣ್ಣದಾಗುತ್ತಿತ್ತು. ಬಿ.ಎ., ಬಿ.ಎಲ್. ಕಂಡರಂತೂ ಆ ಹೊತ್ತಿನ ಗಂಜಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಆ ಎರಡನೆಯ ಬಾಲ ಅವರ ಕುಟುಂಬದಲ್ಲೇ ಇತ್ತು. ತಂಗಿ ನೀಲಾವತಿಯ ಗಂಡ ರಮಾನಾಥ ಶೆಟ್ಟರು ವಕೀಲರು. ಎಂಟನೆಯ ತರಗತಿ ಮುಗಿಸಿ, ಟ್ರೈನಿಂಗ್ ಮಾಡಿ, ಪ್ರಾಥಮಿಕ ಶಾಲೆಯಲ್ಲಿ ಉಳಿದ ಶೀನಪ್ಪನವರು, ವೈಶಾಖದ ಉರಿಯಲ್ಲೂ ಕರಿಕೋಟಿನ ಕೊರಳ ಗುಂಡಿ ಬಿಚ್ಚದೆ, ಕೊಡೆಯನ್ನು ಕಂಕುಳಲ್ಲಿ ಒತ್ತಿಕೊಂಡು ಮೆಲ್ಲನೆ ಬರುವವರು, ಭಾವನ ವಕೀಲಿ ಬೋರ್ಡಿನ ಮುಂದೆ ಮಾತ್ರ ದಾಪುಗಾಲು ಹಾಕುತ್ತಿದ್ದರು. ಹೊಟ್ಟೆಕಿಚ್ಚು, ಅದಕ್ಕೆ ಬೇರೆ ಹೆಸರಿಲ್ಲ.

ತಾಯಿಯ ಕಡೆಯಿಂದ ವಂಶ ನಡೆಯುವ ಅಳಿಯಸಂತಾನದ ಮನೆತನ. ತಂಗಿಯ ಮಗಳು ಸ್ವರ್ಣಲತೆಯ ಮದುವೆಗೆ ಆಮಂತ್ರಿಸುವ ಹಕ್ಕು ಸೋದರಮಾವನದು. ಕಾಗದದಲ್ಲಿ ಯಜಮಾನನಾದ ಮಾವನ ಹೆಸರೇ ಮೇಲೆ, ತಂದೆಯದು ಕೆಳಗೆ. ಆದರೆ ಮೇಲೆ ಬೋಳು ಶೀನಪ್ಪ, ಕೆಳಗೆ ಬಾಲವುಳ್ಳ ರಮಾನಾಥ ಎಂದಾದರೆ ಊರವರ ಕಣ್ಣು ಎಲ್ಲಿ ನಿಂತೀತು? ಈ ಚಿಂತೆ ಹತ್ತಿ ಮಾಸ್ತರರು ತಲೆ ನರೆತ ಮೇಲೆ ಹಿಂದಿ ಪರೀಕ್ಷೆಗಳಿಗೆ ಕುಳಿತರು. ಹೈಸ್ಕೂಲಿನ ಹುಡುಗಿಯರ ನಡುವೆ, ಅದೇ ಕೋಟಿನಲ್ಲಿ, ಬೆವರೊರೆಸುತ್ತ ಬರೆದು, ಬಿದ್ದು, ಮತ್ತೆ ಬರೆದು, ವಿಶಾರದವೆಂಬ ಪದವಿಯ ತನಕ ಏರಿದರು. ಕೊನೆಯ ಫಲಿತಾಂಶ ಬರುವವರೆಗೆ, ವರನ ಕಡೆಯವರು ಎಷ್ಟು ಅವಸರಿಸಿದರೂ, ಮುಹೂರ್ತ ಕೂಡಿಬರುವುದಿಲ್ಲವೆಂದು ಮದುವೆಯನ್ನೇ ಮುಂದೂಡಿದರು. ಕಾರಣ ನೀಲಾವತಿಗೆ ತಿಳಿದಿತ್ತು. ಅಣ್ಣನೆಂದು ಗಂಡನಿಗೂ ಬಿಟ್ಟುಕೊಡಲಿಲ್ಲ.

ಅಚ್ಚಾದ ಕಾಗದ ಬಂತು. ‘ಶೀನಪ್ಪ ಶೆಟ್ಟಿ, ಹಿಂದಿ ವಿಶಾರದ.’ ಕಣ್ತುಂಬ ನೋಡಿ ಮಾಸ್ತರರು ಕೆಳಗಿನ ಸಾಲಿಗಿಳಿದರು. ‘ರಮಾನಾಥ ಶೆಟ್ಟಿ’ ಎಂದಷ್ಟೇ ಇತ್ತು. ಬಾಲವೆಲ್ಲಿ ಹೋಯಿತೆಂದು ಅಚ್ಚುಕೂಟದವನನ್ನು ವಿಚಾರಿಸಲು ಕೊಡೆ ಎತ್ತಿಕೊಂಡವರನ್ನು ಭಾವನೇ ತಡೆದರು.

“ನಾನೇ ತೆಗೆಸಿದ್ದು ಭಾವ. ನಿಮ್ಮದು ಚಂದ ಕಾಣಲಿ ಅಂತ. ನನ್ನದು ಹೇಗೂ ಎಲ್ಲರಿಗೂ ಗೊತ್ತುಂಟಲ್ಲ.”

ಆ ಮಾತಿನಲ್ಲಿ ಎಳ್ಳಷ್ಟೂ ಕುಹಕವಿರಲಿಲ್ಲ. ಮಾಸ್ತರರು ಅದನ್ನೇ ಹುಡುಕಿ ಹುಡುಕಿ ಸೋತರು.

ಮದುವೆಯ ಚಪ್ಪರದಲ್ಲಿ ಒಕ್ಕಲಿನ ಹುಕ್ರಪ್ಪ ವಿನಯದಿಂದಲೇ ಕೇಳಿದ: “ವಿಶಾರದ ಅಂದರೆ ಎಂಥದು ಮಾಸ್ಟ್ರೆ?” ಮಾಸ್ತರರು ವಿವರಿಸಿದರು. ಊಟದ ಪಂಕ್ತಿಯಲ್ಲಿ ಇನ್ನೊಬ್ಬರು ಕೇಳಿದರು, ಮತ್ತೆ ವಿವರಿಸಿದರು. ಅತ್ತ ಬಾಲವಿಲ್ಲದ ರಮಾನಾಥರನ್ನು ಜನ ‘ವಕೀಲರೇ’ ಎಂದು ಕರೆದು ಕೈಮುಗಿಯುತ್ತಿದ್ದರು. ಶೀನಪ್ಪನವರು ಆ ದಿನ ಮೊದಲ ಬಾರಿಗೆ ಕೊರಳ ಗುಂಡಿ ಬಿಚ್ಚಿದರು.

ಮತ್ಸರದಿಂದ ಮೇಲೇರುವವರ ಜಾತಿಯೇ ಹೀಗೆ. ಸೋಲನ್ನು ಅವರು ಹೇಗೋ ಸಹಿಸಿಯಾರು. ಯಾರನ್ನು ಗೆಲ್ಲಲೆಂದು ಆಯುಷ್ಯ ಸವೆಸಿದರೋ ಅವನಿಗೆ ಪಂದ್ಯವಿದ್ದದ್ದೇ ಗೊತ್ತಿರಲಿಲ್ಲವೆಂಬುದನ್ನು ಮಾತ್ರ ಸಾಯುವ ತನಕ ಕ್ಷಮಿಸಲಾರರು.