ಹದಿನೆಂಟು ಸಲ ಗೆದ್ದವರ ಅಣ್ಣ

ದೋಹಾದ ಮಂಗಳೂರು ಕ್ರೈಸ್ತರಲ್ಲಿ ಯಾರ ಮದುವೆಯ ಬೆಳ್ಳಿಹಬ್ಬವಾದರೂ ಶುಭಕೋರಿಕೆಯ ಟೋಸ್ಟ್ ಹೇಳಲು ಯೂಸ್ಟೇಸನೇ ಆಗಬೇಕು. ದಂಪತಿಯ ತಂದೆತಾಯಿ, ಒಡಹುಟ್ಟಿದವರು, ಯಾರು ಎಲ್ಲಿ ನೆಲೆಸಿದ್ದಾರೆ, ಯಾರು ತೀರಿಕೊಂಡರು ಎಲ್ಲವನ್ನೂ ಹಿರಿತನದ ಕ್ರಮದಲ್ಲಿ ಹೇಳಿಯೇ ಜ್ಯೂಸ್ ಲೋಟ ಎತ್ತಿಸುತ್ತಿದ್ದ. ಒಂದು ಹೆಸರು ಬಿಟ್ಟುಹೋದರೆ ಆ ಮನೆಯವರು ವರ್ಷಗಟ್ಟಲೆ ಮುಖ ತಿರುಗಿಸಿಕೊಂಡಾರು.

ಆದರೆ ಅದೇ ನಗರದ ವೆಸ್ಟ್ ಬೇಯ ಸಂಶೋಧನಾ ಸಂಸ್ಥೆಯಲ್ಲಿ ಅವನ ಕೆಲಸ ಬೇರೆಯವರ ಭಾಷಣ ಟೈಪ್ ಮಾಡುವುದು. ಅಲ್ಲಿಯ ಮೈಕಿನ ಮುಂದೆ ಒಮ್ಮೆ ನಿಲ್ಲಬೇಕೆಂಬ ಆಸೆಗೆ ಎಂಟು ವರ್ಷ ವಯಸ್ಸಾಗಿತ್ತು. ೨೦೦೫ರ ಚಳಿಗಾಲದಲ್ಲಿ ಅದು ಕೂಡಿಬಂತು. ಅಮೆರಿಕದ ಕೆಳಮನೆಯಲ್ಲಿ ಮೂವತ್ತಾರು ವರ್ಷ ಕೂತು ನಿವೃತ್ತರಾದ ಓರಿನ್ ಹಾಲ್ಬೆಕ್ ಸಂಸ್ಥೆಯ ಔತಣಕ್ಕೆ ಅತಿಥಿಯಾಗಿ ಬರುವವರಿದ್ದರು. ಪರಿಚಯ ನೀನೇ ಮಾಡು, ಮೂರು ನಿಮಿಷ, ಅವರ ಕಚೇರಿ ಕಳುಹಿಸಿದ್ದಕ್ಕಿಂತ ಒಂದಕ್ಷರ ಹೆಚ್ಚು ಬೇಡ ಎಂದರು ಮ್ಯಾನೇಜರ್.

ಕಚೇರಿ ಕಳುಹಿಸಿದ್ದು ನಾಲ್ಕು ಪುಟ. ಕಾಗದದ ಗಿರಣಿಯ ಕಾರ್ಮಿಕನ ಮಗ, ಇಪ್ಪತ್ತೊಂಬತ್ತಕ್ಕೆ ಮೊದಲ ಗೆಲುವು, ಹದಿನೆಂಟು ಚುನಾವಣೆ, ಒಂದೂ ಸೋಲಿಲ್ಲ. ರಸ್ತೆ, ನದಿ, ವ್ಯಾಪಾರ ಒಪ್ಪಂದ, ಸಮಿತಿಗಳು. ಮೊದಲ ಪುಟದಲ್ಲಿ ‘ನಾಲ್ವರು ಮಕ್ಕಳಲ್ಲಿ ಎರಡನೆಯವರು’ ಎಂದಿತ್ತು. ಕೆಳಗೆ ಇಬ್ಬರು ತಂಗಿಯರ ಹೆಸರಷ್ಟೇ. ಹಿರಿಯವರು ಯಾರು ಎಂದು ಯೂಸ್ಟೇಸ್ ಇ-ಮೇಲ್‌ನಲ್ಲಿ ಕೇಳಿದ. ಕಾರ್ಯದರ್ಶಿಯ ಉತ್ತರ ಮರುದಿನ ಬಂತು: ಅಣ್ಣ ಡೇಲ್. ವ್ಯಾಪಾರ ಒಪ್ಪಂದದಿಂದ ಊರಿನ ಗಿರಣಿ ಮುಚ್ಚಿದಾಗ ತಮ್ಮನ ವಿರುದ್ಧವೇ ಚುನಾವಣೆಗೆ ನಿಂತು ಸೋತರು. ಹನ್ನೊಂದು ವರ್ಷದಿಂದ ಮಾತಿಲ್ಲ. ದಯವಿಟ್ಟು ಹೇಳಬೇಡಿ.

ಅಲ್ ಅಜೀಜಿಯಾದ ಫ್ಲ್ಯಾಟಿನಲ್ಲಿ ಹೆಂಡತಿ ರೋಸ್‌ಮೇರಿ ಅವನ ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಾ ಎಲ್ಲ ಕೇಳಿಸಿಕೊಂಡಳು. ಕಾಲರನ್ನು ಮಗುಚಿ ಮತ್ತೊಮ್ಮೆ ಒತ್ತಿದಳು.

“ಎಂಟು ವರ್ಷ ಕಾದದ್ದು ಎಂತಕ್ಕೆ ಮಾರಾಯ್ರೆ? ಅವರ ಮನೆಯ ಜಗಳ ಮೈಕಿನಲ್ಲಿ ಹೇಳ್ಲಿಕ್ಕಾ?”

“ಜಗಳ ನಾನು ಹೇಳುವುದಿಲ್ಲ. ಹೆಸರು ಮಾತ್ರ.”

“ಮತ್ತೆ ನಿಮಗೆ ಆ ಮೈಕ್ ಯಾರೂ ಕೊಡ್ಲಿಕ್ಕಿಲ್ಲ.”

ಅದು ಅವನಿಗೂ ಗೊತ್ತಿತ್ತು. ಔತಣದ ಸಂಜೆ ಮೈಕಿನ ಮುಂದೆ ನಿಂತಾಗಲೂ ಅವನು ಪೂರ್ತಿ ನಿರ್ಧರಿಸಿರಲಿಲ್ಲ. ತಂದೆಯ ಹೆಸರು ಹೇಳಿದ, ತಾಯಿಯದು ಹೇಳಿದ. ಆಮೇಲೆ ನಾಲಿಗೆ ರೂಢಿಯ ದಾರಿಯನ್ನೇ ಹಿಡಿಯಿತು: ಹಿರಿಯ ಮಗ ಡೇಲ್, ಎರಡನೆಯವರು ನಮ್ಮ ಇಂದಿನ ಅತಿಥಿ. ಮ್ಯಾನೇಜರ್ ತಟ್ಟೆಯಿಂದ ತಲೆಯೆತ್ತಿದರು. ಹಾಲ್ಬೆಕ್ ಮೀನಿನ ಮುಳ್ಳು ಬಿಡಿಸುವುದನ್ನು ನಿಲ್ಲಿಸಿದರು, ಮುಖ ಮಾತ್ರ ಎತ್ತಲಿಲ್ಲ. ಯೂಸ್ಟೇಸ್ ಹದಿನೆಂಟು ಚುನಾವಣೆಗಳನ್ನೂ ಸಮಿತಿಗಳನ್ನೂ ಹೇಳಿ, ಮೂರು ನಿಮಿಷಕ್ಕೆ ಸರಿಯಾಗಿ ಕೆಳಗಿಳಿದ.

ಹಾಲ್ಬೆಕ್ ಎದ್ದು, ತಾವು ತಂದಿದ್ದ ಭಾಷಣವನ್ನು ಒಂದು ಪದವೂ ಬದಲಿಸದೆ ಓದಿದರು. ಚಪ್ಪಾಳೆಯಾಯಿತು. ಹೊರಡುವಾಗ ಬಾಗಿಲ ಬಳಿ ಯೂಸ್ಟೇಸನ ಎದುರು ನಿಂತರು.

“ಡೇಲ್‌ನ ಹೆಸರು ಹೇಳಬೇಡವೆಂದು ನಿಮಗೆ ತಿಳಿಸಿರಲಿಲ್ಲವೇ?”

“ತಿಳಿಸಿದ್ದರು ಸರ್. ನಮ್ಮಲ್ಲಿ ಹಿರಿಯವನನ್ನು ಬಿಟ್ಟು ಕಿರಿಯವನನ್ನು ಹೊಗಳುವ ಕ್ರಮವಿಲ್ಲ.”

“ಹದಿನೇಳು ಸಲ ನಾನು ನಿದ್ದೆಯಲ್ಲೇ ಗೆದ್ದೆ,” ಎಂದರು ಮುದುಕರು. “ಅವನು ನಿಂತ ವರ್ಷ ಮಾತ್ರ ಪ್ರತಿ ಮನೆಯ ಬಾಗಿಲು ತಟ್ಟಿದೆ.” ಕೈ ಕುಲುಕಿ ಕಾರು ಹತ್ತಿದರು.

ಅವರು ಅಣ್ಣನಿಗೆ ಫೋನು ಮಾಡಿದರೋ ಇಲ್ಲವೋ ಯೂಸ್ಟೇಸನಿಗೆ ಎಂದೂ ತಿಳಿಯಲಿಲ್ಲ. ಮ್ಯಾನೇಜರ್ ಬೈಯಲಿಲ್ಲ. ಮುಂದಿನ ತಿಂಗಳ ಅತಿಥಿಯ ಪರಿಚಯ ಲೆಕ್ಕವಿಭಾಗದ ಹ್ಯೂಬರ್ಟನ ಪಾಲಾಯಿತು. ಅದನ್ನು ಟೈಪ್ ಮಾಡಿದ್ದು ಯೂಸ್ಟೇಸ್. ಅತಿಥಿಯ ತಾಯಿಯ ಹೆಸರು ಎಲ್ಲೂ ಕಾಣದೆ, ಅವರ ಕಚೇರಿಗೆ ಇ-ಮೇಲ್ ಬರೆದು ತರಿಸಿ, ಮೊದಲ ಸಾಲಿಗೇ ಸೇರಿಸಿದ.