ಸೊನ್ನೆ ಕೊನೆಗೆ

ನನ್ನ ಬಾಯಿಗೆ ಬೀಗ ಇಲ್ಲ. ಇದ್ದಿದ್ದರೆ ಮನೆಯವರೆಲ್ಲರ ಎದುರು ಆ ಮಾತು ಆಡುತ್ತಿರಲಿಲ್ಲ. "ಈ ಸಲವೂ ಟೈಲರ್ ಬೋರ್ಡ್ ಒಪ್ಪದಿದ್ರೆ ಬ್ರಷ್ ತೊಳೆದಿಟ್ಟು ಫ್ಲೆಕ್ಸ್ ಅಂಗಡಿಗೆ ಕೆಲಸಕ್ಕೆ ಹೋಗ್ತೀನಿ, ನೋಡ್ತಿರಿ!" ಎಂದುಬಿಟ್ಟೆ. ಇಪ್ಪತ್ತೆರಡು ವರ್ಷದಿಂದ ಅಂಗಡಿಗಳ ಬೋರ್ಡ್ ಬರೆಯುತ್ತಾ ಬಂದವಳು ನಾನು. ಕಂಪ್ಯೂಟರಿನೊಳಗೆ ಯಾರೋ ಮಾಡಿಟ್ಟ ಅಕ್ಷರ ಆರಿಸಿಕೊಂಡು ಕೂರುವುದು ನನ್ನಿಂದ ಆಗದ ಮಾತು. ಆದರೆ ಆಡಿದ ಮಾತು ತಪ್ಪುವವಳೂ ಅಲ್ಲ.

ಟೈಲರ್ ಅಂಗಡಿಯ ಹೆಸರು 'ಅಂಗಿ ಅಂಗಡಿ'. "ಓದಕ್ಕೆ ಬಾರದವ್ರಿಗೂ ಇದು ಬಟ್ಟೆ ಹೊಲಿಯೋ ಜಾಗ ಅಂತ ಗೊತ್ತಾಗ್ಬೇಕಮ್ಮ" ಎಂದಿದ್ದರು ಆ ಹಿರಿಯ ಟೈಲರ್. ಮೊದಲ ಬೋರ್ಡಿನಲ್ಲಿ ಕತ್ತರಿ ಬರೆದೆ. ತೂಗುಹಾಕಿದ ದಿನವೇ ಇಬ್ಬರು ಒಳಗೆ ಬಂದು ಗಡ್ಡ ಸವರಿಕೊಳ್ಳುತ್ತಾ ಕೂತರಂತೆ. ಎರಡನೆಯದರಲ್ಲಿ ಹೊಲಿಗೆ ಮಿಷನ್ ಬರೆದೆ. ಊರಲ್ಲಿ ಕೆಟ್ಟುಹೋದ ಮಿಷನ್‌ಗಳೆಲ್ಲ ರಿಪೇರಿಗೆ ಬಂದವು. ಅವರ ಅಳಿಯ ಫ್ಲೆಕ್ಸ್ ಹಾಕಿಸೋಣ ಎಂದು ಜೀವ ತಿನ್ನುತ್ತಿದ್ದ. "ನಾಳೆ ಹನ್ನೆರಡಕ್ಕೆ ಬರ್ತೀನಿ, ಇದೇ ಕೊನೇ ಸಲ" ಎಂದು ಟೈಲರ್ ಹೇಳಿ ಹೋದರು.

ಬೆಳಗ್ಗೆಯೇ ಹಾಲ್‌ನ ಗೋಡೆಗೆ ಬೋರ್ಡ್ ಒರಗಿಸಿ ಕೂತೆ. ಈ ಕೆಲಸ ಕಲಿಸಿದ ನನ್ನಪ್ಪ "ಸೊನ್ನೆ ಕೊನೆಗೆ" ಎನ್ನುತ್ತಿದ್ದರು. ಚಪ್ಪಟೆ ಬ್ರಷ್‌ನಲ್ಲಿ ಅಕ್ಷರಗಳನ್ನೆಲ್ಲ ಕೂರಿಸಿ, ಸೊನ್ನೆಗೆ ಜಾಗ ಬಿಟ್ಟು, ದುಂಡು ಬ್ರಷ್‌ನಲ್ಲಿ ಸೊನ್ನೆ ಇಡುವುದು ಆಮೇಲೆ. ಹಾಗೇ ಶುರುಮಾಡಿದೆ. ಅಷ್ಟರಲ್ಲಿ ನನ್ನ ಗಂಡ ಅಂಗಿ ಹಿಡಿದುಕೊಂಡು ಬಂದರು.

"ಲೇ, ನನ್ನ ಅಂಗಿ ಗುಂಡಿ ಎಲ್ಲೇ?"

"ನಾನೇನು ನುಂಗಿದ್ನಾ?"

"ಕೆಲಸಕ್ಕೆ ಹೇಗೆ ಹೋಗ್ಲಿ?"

"ಹುಡುಕ್ಕೊಂಡು ಹೋಗಿ. ಗುಂಡಿ ಹುಡುಕ್ತಾ ಯಾವುದಾದ್ರೂ ಗುಂಡಿಗೆ ಬಿದ್ದೀರ ಮತ್ತೆ!"

ಮಗಳು ಕಿಸಕ್ಕೆಂದು ನಕ್ಕಳು. ಆ ಸಿಟ್ಟಿನಲ್ಲಿ ನನ್ನ ಕೈ ಅಳತೆ ತಪ್ಪಿತು. ಸೊನ್ನೆಗೆಂದು ಬಿಟ್ಟ ಜಾಗ ಎರಡು ಕಡೆಯೂ ವಿಪರೀತ ಅಗಲವಾಗಿ, ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತಿತ್ತು. ಗಂಟೆ ಹತ್ತೂವರೆ. ಅಳಿಸಿ ಬರೆಯಲು ಹೊತ್ತಿರಲಿಲ್ಲ.

"ಅಗಿ ಅಗಡಿ" ಎಂದು ಮಗಳು ಓದಿದಳು. "ಅಮ್ಮಾ, ಏನನ್ನ ಅಗೀಬೇಕು?"

"ನನ್ನ ತಲೇನ!"

ಅಷ್ಟು ಜಾಗದಲ್ಲಿ ಮಾಮೂಲಿ ಸೊನ್ನೆ ಇಟ್ಟರೆ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ದೊಡ್ಡದಾಗಿ ಇಟ್ಟರೆ ಬರೀ ಸೊನ್ನೆಯೇ ಕಾಣುತ್ತದೆ. ಫ್ಲೆಕ್ಸ್ ಅಂಗಡಿಯ ತಿರುಗುವ ಕುರ್ಚಿ ಕಣ್ಣ ಮುಂದೆ ಬಂತು. ಅಳು ಬಂತು, ಅಳಲಿಲ್ಲ.

ಕಿಟಕಿ ಹತ್ತಿರ ಕೂತು ನನ್ನ ಅತ್ತೆ ತಮ್ಮ ಮಗನ ಅಂಗಿ ಕಿತ್ತುಕೊಂಡು ಬೇರೆ ಗುಂಡಿ ಹೊಲಿಯುತ್ತಿದ್ದರು. ಮದುವೆಯಾಗಿ ಬಂದಾಗಿನಿಂದ ನನ್ನ ಅಕ್ಷರಕ್ಕೆ ಒಂದು ದಿನವೂ 'ಚೆನ್ನಾಗಿದೆ' ಅಂದವರಲ್ಲ ಅವರು. ಹಲ್ಲಿನಿಂದ ದಾರ ಕಡಿದು ಗಂಡ ಹೆಂಡತಿ ಇಬ್ಬರನ್ನೂ ಗದರಿದರು.

"ಸಾಕು ನಿಲ್ಸಿ, ಬೆಳಗ್ಗೆಯಿಂದ ಜಗಳ. ಗುಂಡಿ ಇಲ್ದಿದ್ರೆ ಅದೂ ಒಂದು ಅಂಗೀನಾ?"

ನಾನು ಬೋರ್ಡ್ ನೋಡಿದೆ. ಅಗಿ. ಗುಂಡಿ ಇಲ್ಲದೆ ಅದು ಅಂಗಿಯೇ ಆಗಿರಲಿಲ್ಲ.

"ಅಯ್ಯೋ, ನನ್ನ ಬುದ್ಧಿಗಿಷ್ಟು!" ಎಂದು ಎದ್ದವಳೇ ಅತ್ತೆಯ ಕೈಯಿಂದ ಅಂಗಿ ಕಸಿದುಕೊಂಡೆ.

"ಏಯ್, ನಂಗೆ ಲೇಟಾಗುತ್ತೆ ಕಣೇ!" ಎಂದರು ಗಂಡ.

"ಬೇರೆ ಹಾಕ್ಕೊಂಡು ಹೋಗಿ. ಇದು ಈಗ ನಂದು."

ಗುಂಡಿಯನ್ನು ಕಣ್ಣ ಮುಂದೆ ಇಟ್ಟುಕೊಂಡು ಆ ಅಗಲ ಜಾಗದ ತುಂಬಾ ಸೊನ್ನೆ ಬರೆದೆ. ಅದರೊಳಗೆ ನಾಲ್ಕು ತೂತು, ಅಂಚಿಗೊಂದು ಸಣ್ಣ ನೆರಳು. ಕೆಂಪು ಬಣ್ಣದಲ್ಲಿ ದಾರ ಎಳೆಯುವಾಗ ಅತ್ತೆ ಸೂಜಿ ಹಿಡಿದು ಪಕ್ಕಕ್ಕೆ ಬಂದು ನಿಂತರು.

"ದಾರ ಹಾಗೆ ಹೋಗಲ್ಲ ಕಣೇ. ಮೂಲೆಯಿಂದ ಮೂಲೆಗೆ ಹೋಗ್ಬೇಕು. ಹಾಂ, ಹಾಗೆ. ಕೊನೇಲಿ ಒಂದು ತುದಿ ಬಿಡು, ಇಲ್ಲಾಂದ್ರೆ ಹೊಲಿದಿದ್ದು ಅಂತ ಯಾರು ನಂಬ್ತಾರೆ?"

ಅವರು ಹೇಳಿದ ಹಾಗೇ ಬರೆದೆ. ಎರಡನೇ ಗುಂಡಿ ಮುಗಿಯುವ ಹೊತ್ತಿಗೆ ಇದು ಗೆಲ್ಲುತ್ತದೆ ಎಂದು ನನಗೆ ಗೊತ್ತಾಗಿತ್ತು.

ಹನ್ನೆರಡಕ್ಕೆ ಸರಿಯಾಗಿ ಟೈಲರ್ ಮತ್ತು ಅವರ ಅಳಿಯ ಇಬ್ಬರೂ ಬಂದರು. ಅಳಿಯ ಮೊಬೈಲ್‌ನಲ್ಲಿ ಫ್ಲೆಕ್ಸ್ ಮಾದರಿಗಳನ್ನು ತೆಗೆದಿಟ್ಟುಕೊಂಡೇ ಬಂದಿದ್ದ. ನಾನು ಬಾಯಿಗೆ ಬೀಗ ಹಾಕಿಕೊಂಡು ನಿಂತೆ, ನನ್ನ ಮಟ್ಟಿಗೆ ಅದು ದೊಡ್ಡ ಸಾಧನೆ. ಟೈಲರ್ ಬೋರ್ಡಿನ ಹತ್ತಿರ ಹೋದರು. ಹೊಲಿದ ಅಂಗಿಯನ್ನು ಗಿರಾಕಿಗೆ ಕೊಡುವ ಮುಂಚೆ ನೋಡುವ ಹಾಗೆ, ಹೆಬ್ಬೆರಳು ತೋರುಬೆರಳಿನಲ್ಲಿ ಗುಂಡಿ ಹಿಡಿದು ಮೆಲ್ಲಗೆ ಜಗ್ಗಿದರು.

"ಮಾವ, ಅದು ಬಣ್ಣ!"

ಟೈಲರ್ ಬೆರಳಿಗಂಟಿದ ಬಣ್ಣ ನೋಡಿಕೊಂಡು ಜೋರಾಗಿ ನಕ್ಕರು. "ಗೊತ್ತಪ್ಪಾ. ಕೈ ತಾನಾಗೇ ಹೋಯ್ತು." ಆಮೇಲೆ ನನ್ನ ಕಡೆ ತಿರುಗಿದರು. "ಸಂಜೆ ಏಣಿ ಇಡಿಸ್ತೀನಿ. ಇದನ್ನೇ ಹಾಕೋಣಮ್ಮ."

ಅವರು ಅತ್ತ ಹೋದ ಮೇಲೆ ನಾನು ಅತ್ತುಬಿಟ್ಟೆ. ಸಂತೋಷಕ್ಕೇ. ಜಗ್ಗಿದ ಗುಂಡಿಯನ್ನು ತಿದ್ದಿ, ಬೋರ್ಡಿನ ಕೆಳಮೂಲೆಯಲ್ಲಿ ಯಾವಾಗಲೂ ನನ್ನ ಹೆಸರಿನ ಮೊದಲಕ್ಷರ ಹಾಕುವ ಜಾಗದಲ್ಲಿ ಸಣ್ಣದಾಗಿ 'ಅತ್ತೆ–ಸೊಸೆ' ಎಂದು ಬರೆದೆ. ಅತ್ತೆ ಕನ್ನಡಕ ಹಾಕಿಕೊಂಡು ಬಗ್ಗಿ, ತುಂಬಾ ಹೊತ್ತು ಓದಿದರು.

"ಅತ್ತೆ ಮೊದ್ಲು ಬಂದಿದೆ" ಎಂದರು. "ಅಕ್ಷರ ಚೆನ್ನಾಗಿದೆ."