ಜೂನ್ ಒಂಬತ್ತರ ಗಾಳಿ

ಇಂಗ್ಲಿಷರಿಂದ ಬಿಡುಗಡೆಯಾದ ದೇಶದ ಹೊಸ ಕೋರ್ಟಿಗೆ ಆ ಕರಾವಳಿಯ ಮೊದಲ ನ್ಯಾಯಾಧೀಶನಾಗಿ ಎಲಿಯಾಜರ್ ವಾರ್ನಮ್ ಕೂತು ಹತ್ತೊಂಬತ್ತು ವರ್ಷವಾಗಿತ್ತು. ಅಷ್ಟು ವರ್ಷದಲ್ಲಿ ಒಮ್ಮೆಯೂ ನೆರೆಯವನ ಮೊಕದ್ದಮೆ ಅವನ ಮುಂದೆ ಬಂದಿರಲಿಲ್ಲ.

ಎದುರಿಗೆ ನಿಂತಿದ್ದವನು ಪಕ್ಕದ ಮನೆಯ ಗಿಡಿಯನ್ ಸ್ಟಾರ್‌ಬರ್ಡ್. ಯಾವ ಹಡಗೂ ಹೊರದೇಶಕ್ಕೆ ಹೋಗಕೂಡದೆಂದು ಸರ್ಕಾರ ತಡೆ ಹಾಕಿದ್ದ ವರ್ಷ ಅದು. ಗಿಡಿಯನ್‌ನ ಹಡಗು ಹಿಟ್ಟಿನ ಪೀಪಾಯಿ ತುಂಬಿಕೊಂಡು ಇಂಗ್ಲಿಷರ ದ್ವೀಪದಲ್ಲಿ ಸಿಕ್ಕಿಬಿದ್ದಿತ್ತು. ಜೂನ್ ಒಂಬತ್ತರ ಬಿರುಗಾಳಿ ತಳ್ಳಿಕೊಂಡು ಹೋಯಿತೆಂದು ಅವನ ವಾದ. ಗಾಳಿ ನಿಜವಾದರೆ ಹಡಗು ಅವನದು, ಸುಳ್ಳಾದರೆ ಸರ್ಕಾರದ್ದು. ಇಂಥ ಮೊಕದ್ದಮೆಗೆ ಜ್ಯೂರಿ ಇಲ್ಲ. ತೀರ್ಪು ನ್ಯಾಯಾಧೀಶ ಒಬ್ಬನದೇ.

ಆ ಊರಲ್ಲಿ ಪ್ರತಿ ಮನೆಯ ಒಲೆಯ ಪಕ್ಕ ಪಂಚಾಂಗ ತೂಗುತ್ತದೆ. ಅದರ ಅಂಚಿನಲ್ಲಿ ಆ ದಿನದ ಗಾಳಿ ಮಳೆ ಬರೆಯದೆ ಯಾರೂ ಸಂಜೆಯ ಊಟಕ್ಕೆ ಕೂರುವುದಿಲ್ಲ. ಸಾಕ್ಷಿಗೆಂದು ಅವನ್ನು ತರಲು ಹೋಗಿದ್ದ ಕೋರ್ಟಿನ ಮಾರ್ಷಲ್ ಬರಿಗೈಲಿ ಬಂದಿದ್ದ.

"ಜೂನ್ ಹಾಳೆ ಯಾರ ಮನೇಲೂ ಇಲ್ಲ ಸ್ವಾಮಿ. ಒಬ್ಬ ಅದ್ರಲ್ಲಿ ಪೈಪ್ ಹಚ್ಚಿದ್ನಂತೆ. ಇನ್ನೊಬ್ಬಂದು ಆಡು ತಿಂತಂತೆ."

"ಆಡು ಹುಷಾರಾಗಿದ್ಯಾ, ಕೇಳಿದ್ರಾ?" ಹಿಂದಿನಿಂದ ಯಾರೋ ಕೂಗಿದ. ಕೋರ್ಟು ಸೇರಿದ್ದ ಛತ್ರದ ಮಹಡಿಯಲ್ಲಿ ತುಂಬಿದ್ದ ಜನವೆಲ್ಲ ನಕ್ಕಿತು.

ವಾರ್ನಮ್ ನಗಲಿಲ್ಲ. ಅವನ ಮನೆಯ ಹಾಳೆ ಹರಿದಿರಲಿಲ್ಲ. ಆ ಪಂಚಾಂಗ ಅವನ ಜೇಬಿನಲ್ಲೇ ಇತ್ತು. ಆದರೆ ನ್ಯಾಯಾಧೀಶ ತಾನು ಕಂಡದ್ದನ್ನು ಹಿಡಿದು ತೀರ್ಪು ಕೊಡುವ ಹಾಗಿಲ್ಲ, ಸಾಕ್ಷಿ ಹೇಳಿದ್ದನ್ನಷ್ಟೇ ತೂಗಬೇಕು. ಸುಮ್ಮನಿದ್ದರೆ ಯಾರೂ ತಪ್ಪೆನ್ನುವಂತಿರಲಿಲ್ಲ. ನೆರೆಹೊರೆಯೂ ಉಳಿಯುತ್ತಿತ್ತು.

"ತೀರ್ಪು ಹೇಳ್ಬಿಡೋ ಎಲಿಯಾಜರ್," ಎಂದ ಗಿಡಿಯನ್, ಮೆಲ್ಲಗೆ. "ಸಾಕ್ಷಿ ಇಲ್ವಲ್ಲ."

ವಾರ್ನಮ್ ಎದ್ದ. "ಈ ಮೊಕದ್ದಮೆ ನಾನು ತೀರ್ಮಾನ ಮಾಡಲ್ಲ. ಮೇಲಿನ ಕೋರ್ಟಿಗೆ ಕಳಿಸ್ತೀನಿ."

"ಪುಕ್ಕಲ! ಮನೆಗೆ ಹೋಗಿ ಹೆಂಡ್ತಿ ಹಿಂದೆ ಬಚ್ಚಿಟ್ಕೋ!" ಜನರ ನಡುವಿನಿಂದ ಯಾರೋ ಕೂಗಿದ, ಎಲ್ಲ ಮತ್ತೆ ನಕ್ಕರು.

ಅವನು ನಿಲುವಂಗಿ ಬಿಚ್ಚಿ ಕುರ್ಚಿಯ ಮೇಲೆ ಹಾಕಿ, ಕೆಳಗಿಳಿದು ಗುಮಾಸ್ತನ ಮೇಜಿನ ಮುಂದೆ ನಿಂತ. "ಜೊತೆಗೆ ಒಂದು ಸಾಕ್ಷಿ ಹೋಗ್ಲಿ. ಬರ್ಕೋ, ಎಲಿಯಾಜರ್ ವಾರ್ನಮ್."

ನಗೆ ನಿಂತಿತು. ಬೈಬಲ್ ಮುಟ್ಟಿ ಪ್ರಮಾಣ ಮಾಡಿ, ಪಂಚಾಂಗ ತೆಗೆದು ಓದಿದ: "ಜೂನ್ ಒಂಬತ್ತು. ಗಾಳಿ ಇಲ್ಲ. ಕಡಲು ಎಣ್ಣೆಯ ಹಾಗಿದೆ."

ಗಿಡಿಯನ್‌ನ ವಕೀಲ ಕ್ವಿಂಬಿ ಹಾಳೆಯಲ್ಲಿ ಇನ್ನೂ ಸಾಲುಗಳಿರುವುದನ್ನು ಕಂಡು ಛಂಗನೆ ಎದ್ದ. "ಅರ್ಧ ಓದಿ ಬಿಟ್ರೆ ಹೇಗೆ? ಪೂರ್ತಿ ಓದಿ ಸ್ವಾಮಿ."

ವಾರ್ನಮ್ ಮತ್ತೆ ಪಂಚಾಂಗ ಎತ್ತಿದ. ಪ್ರಮಾಣ ಮಾಡಿಯಾಗಿತ್ತು, ಓದಲೇಬೇಕು. "ಹುಲ್ಡಾಗೆ ಜ್ವರ ಬಿಟ್ಟಿತು. ಗಿಡಿಯನ್‌ನ ಹೆಂಡತಿ ಮೂರು ದಿನದಿಂದ ಇವಳ ಹಾಸಿಗೆ ಬಿಟ್ಟು ಕದಲಿಲ್ಲ. ಅವಳಿಲ್ಲದಿದ್ದರೆ ನನ್ನ ಹೆಂಡತಿ ಉಳಿಯುತ್ತಿರಲಿಲ್ಲ."

ಗಿಡಿಯನ್ ಟೋಪಿ ಎತ್ತಿಕೊಂಡ. "ಅಷ್ಟೂ ಬರ್ಕೊಂಡ್ಯಾ?" ಎಂದು ಗುಮಾಸ್ತನನ್ನು ಕೇಳಿದ.

"ಬರ್ಕೊಂಡೆ."

"ಸರಿ. ನಮ್ಮವಳಿಗೆ ಹೇಳ್ತೀನಿ."

ಮೆಟ್ಟಿಲಿಳಿದು ಹೋದ. ವಾರ್ನಮ್ ತನ್ನ ಹೇಳಿಕೆಗೆ ರುಜು ಹಾಕಿದ. ಮೇಲಿನ ಕೋರ್ಟಿನಲ್ಲಿ ಹಡಗು ಸರ್ಕಾರದ ಪಾಲಾಯಿತು. ಎರಡು ಮನೆಗಳ ನಡುವಿನ ಬೇಲಿಯಲ್ಲಿದ್ದ ದಾರಿಗೆ ಗಿಡಿಯನ್‌ನ ಹೆಂಡತಿ ತಾನೇ ನಿಂತು ಹಲಗೆ ಹೊಡೆಸಿದಳು.